ಮಾಳಿಗೆ ಮೇಲೆ ಬಿದ್ದ ಹಲ್ಲು

ಕರುವಿಗೆ ಮುತ್ತು ಕೊಡಲು ಹೋಗಿ ನಾನು ಮುಂದಿನ ಹಲ್ಲು ಕಳೆದುಕೊಂಡೆ. ನಲವತ್ತು ದಾಟಿದ, ಹುಕ್ಕೇರಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಹೆಂಗಸೊಬ್ಬಳು ಹಲ್ಲು ಕಳೆದುಕೊಳ್ಳಲು ಇದಕ್ಕಿಂತ ಗೌರವದ ದಾರಿಗಳಿವೆ ಎಂಬುದು ನನಗೂ ಗೊತ್ತು. ಆದರೆ ಆ ಕರುವನ್ನು ನೋಡಿದ್ದರೆ ನೀವೂ ಬಗ್ಗುತ್ತಿದ್ದಿರಿ.

ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಮೇಲವಂಕಿಯ ತವರುಮನೆಗೆ ಬಂದಿದ್ದೆ. ಮನೆಯಲ್ಲಿ ಅವ್ವ ಮತ್ತು ತಮ್ಮ ಇದ್ದರು. ತಮ್ಮನ ಹೆಂಡತಿ ಹೆರಿಗೆಗೆಂದು ತನ್ನ ತವರಿಗೆ ಹೋಗಿದ್ದಳು. ಮೂಡಲಗಿಯಲ್ಲಿ ಬೆಲ್ಲದ ವ್ಯಾಪಾರ ಮಾಡುವ ಕಾಕಾ, ಅಂದರೆ ಅಪ್ಪನ ತಮ್ಮ, ಅವತ್ತು ಊಟಕ್ಕೆ ಬಂದು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ನಾನು ಹೆಗಲ ಚೀಲವನ್ನೂ ಇಳಿಸದೆ ಕೊಟ್ಟಿಗೆಗೆ ಹೋದೆ. ಕರು ಹುಟ್ಟಿ ತಿಂಗಳಾಗಿತ್ತು. ಹಣೆಯ ಮೇಲೆ ಯಾರೋ ಬೆರಳಿಂದ ಇಟ್ಟಂತೆ ಬಿಳಿ ಬೊಟ್ಟು. ಅದರ ಎರಡೂ ಕಿವಿ ಹಿಡಿದು ಆ ಬೊಟ್ಟಿಗೆ ಮುತ್ತು ಕೊಡಲು ಬಗ್ಗಿದೆ. ಅದೇ ಗಳಿಗೆಯಲ್ಲಿ ಅದು, ತಾಯಿಯ ಕೆಚ್ಚಲಿಗೆ ಗುದ್ದುವ ಹಾಗೆ, ತಲೆಯನ್ನು ರಪ್ಪನೆ ಮೇಲೆತ್ತಿತು.

ನೋವಿಗಿಂತ ಮೊದಲು ಸುದ್ದಿ ಮುಟ್ಟಿದ್ದು ನಾಲಿಗೆಗೆ. ಅದು ತನ್ನ ಹಳೆಯ ಗೋಡೆಯನ್ನು ಸವರಲು ಹೋಗಿ ಕಿಟಕಿಯಿಂದ ಹೊರಗೆ ಇಣುಕಿತು. ಬಾಯಿಗೆ ಕೈ ಹಚ್ಚಿದೆ, ರಕ್ತ. ಚೀರಿದೆ. ಅವ್ವ ಸೆರಗು ಕಟ್ಟಿಕೊಂಡು ಓಡಿ ಬಂದಳು.

"ಏನಾತ ಯವ್ವಾ? ಹಾವೇನ?"

ನಾನು ನೆಲದ ಕಡೆ ಕೈ ಮಾಡಿದೆ. ದನಕ್ಕೆ ಹಾಕಿದ ಕಣಿಕೆ ಮೇವಿನ ಚೂರುಗಳ ನಡುವೆ ಹಲ್ಲು ಬಿದ್ದಿತ್ತು. ಮುರಿದಿರಲಿಲ್ಲ, ಬೇರಿನ ಸಮೇತ ಇಡಿಯಾಗಿ ಹೊರಬಂದಿತ್ತು. ಹಲ್ಲಿಗೆ ಅಷ್ಟುದ್ದ ಬೇರಿರುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ಅವ್ವ ಅದನ್ನು ಎತ್ತಿಕೊಂಡಳು, ಅಂಗಳಕ್ಕೆ ಬಂದಳು, ಒಂದು ಹೆಜ್ಜೆ ಹಿಂದೆ ಸರಿದು ಬೀಸಿ ಮಾಳಿಗೆಯ ಮೇಲೆ ಎಸೆದುಬಿಟ್ಟಳು.

"ಚಲೋ ಹಲ್ಲ ಬರಲಿ," ಎಂದಳು.

ಚಿಕ್ಕವಳಿದ್ದಾಗ ಬಿದ್ದ ನನ್ನ ಹಾಲುಹಲ್ಲುಗಳನ್ನೆಲ್ಲ ಅವಳು ಹೀಗೇ ಎಸೆದವಳು. ಕೈಗೆ ಅಭ್ಯಾಸ. ನಡುವೆ ಕಳೆದುಹೋದ ವರ್ಷಗಳ ಲೆಕ್ಕ ಆ ಕೈಗೆ ಗೊತ್ತಿರಲಿಲ್ಲ.

ನನಗೆ ಆಗ ಒಂದು ವಿಷಯ ಮಸುಕಾಗಿ ನೆನಪಿಗೆ ಬಂತು. ಹಿಂದಿನ ವರ್ಷ ನಮ್ಮ ಶಾಲೆಗೆ ದಂತ ತಪಾಸಣೆಗೆಂದು ವೈದ್ಯರೊಬ್ಬರು ಬಂದಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಉತ್ತರಪತ್ರಿಕೆ ತಿದ್ದುತ್ತ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡಿದ್ದೆ. ದೊಡ್ಡವರ ಹಲ್ಲು ಬೇರಿನ ಸಮೇತ ಬಿದ್ದರೆ ಅದು ಅಷ್ಟು ಬೇಗ ಸಾಯುವುದಿಲ್ಲ, ಹಾಲಿನಲ್ಲಿ ಹಾಕಿಕೊಂಡು ತಕ್ಷಣ ಬಂದರೆ ಮತ್ತೆ ಅದೇ ಜಾಗದಲ್ಲಿ ಕೂಡಿಸಬಹುದು ಎಂದಿದ್ದರು. ಈ ಮಾತನ್ನು ಮನೆಯವರಿಗೆ ಹೇಳಬೇಕು. ಆದರೆ ಮೇಲಿನ ತುಟಿ ಬದನೆಕಾಯಿಯಂತೆ ಊದಿತ್ತು. ಉಕಾರಕ್ಕೆ ತುಟಿ ದುಂಡಗಾಗಬೇಕು ಎಂದು ಎಷ್ಟೋ ವರ್ಷ ಮಕ್ಕಳಿಗೆ ಕಲಿಸಿದವಳಿಗೆ ಅವತ್ತು ಆ ಪಾಠದ ಪ್ರಾಯೋಗಿಕ ಪರೀಕ್ಷೆ. ಹಲ್ಲು ಎನ್ನಲು ಹೋದರೆ ಹಲ್ಲಿ ಎಂದಾಗುತ್ತಿತ್ತು. ಹಾಲು ಎಂದರೆ ಹಾಲಿ.

"ಹಲ್ಲಿ! ಹಲ್ಲಿ! ಹಾಲಿ ತರ್ರಿ!" ಎಂದು ಕೂಗಿದೆ.

ಬಾಜೂಮನೆಯ ಮುದುಕಿ, ನಾವೆಲ್ಲ ಆಯಿ ಎಂದು ಕರೆಯುವವಳು, ಗೋಡೆಯಾಚೆಯಿಂದ ಮುಖ ಎತ್ತಿದಳು. ಅವಳಿಗೆ ಕಿವಿ ಮಂದ. ಆದರೂ ಊರಿನ ಯಾವ ಸುದ್ದಿಯೂ ಅವಳನ್ನು ತಪ್ಪಿಸಿಕೊಂಡು ಹೋದದ್ದಿಲ್ಲ.

"ಹಲ್ಲಿ ಬಿತ್ತೇನ? ಎಲ್ಲಿ ಬಿತ್ತ?"

ನಾನು ಬಾಯಿ ತೋರಿಸಿದೆ.

"ತುಟಿ ಮ್ಯಾಲಾ? ತಡಿ, ಕ್ಯಾಲೆಂಡರ್ ನೋಡತೇನಿ. ಮ್ಯಾಲಿನ ತುಟಿ ಆದ್ರ ಜಗಳ, ಕೆಳಗಿನ ತುಟಿ ಆದ್ರ ಲಾಭ." ಅವಳು ಕ್ಯಾಲೆಂಡರಿನ ಹಿಂದೆ ಅಚ್ಚಾದ ಹಲ್ಲಿಶಕುನ ನೋಡಲು ಒಳಗೆ ಹೋದಳು.

ಕಾಕಾ ಕಟ್ಟೆಯಿಂದ ಏಳಲೇ ಇಲ್ಲ. "ಬಿದ್ದಾದ ಮ್ಯಾಲೆ ಎಂಥಾ ಅವಸರ? ನೋವು ಇದ್ರ ಓಡಬೇಕು. ಹಲ್ಲ ಹೊರಗ ಬಂತು, ಕತಿ ಮುಗೀತು. ಬಸ್ ಹೋದ ಮ್ಯಾಲೆ ಸ್ಟ್ಯಾಂಡಿಗೆ ಓಡಿ ಏನ ಮಾಡತೀರಿ? ಮದ್ಲ ಎಲ್ಲಾರಿಗೂ ಚಾ ಮಾಡ್ರಿ."

ಅವಸರದ ವಿಷಯದಲ್ಲಿ ಕಾಕಾ ಮಾತಾಡಲೇಬಾರದಿತ್ತು. ಅದಕ್ಕೆ ಕೆಲವು ತಿಂಗಳ ಹಿಂದೆ ಇದೇ ಕಟ್ಟೆಯ ಮೇಲೆ ಕೂತು ಅವನು ಗೋಕಾಕದ ಕರದಂಟು ತಿಂದಿದ್ದ. ಅಂಟು, ಬೆಲ್ಲ, ಒಣಕೊಬ್ಬರಿ ಸೇರಿದ ಆ ದೊಡ್ಡ ತುಂಡನ್ನು ಒಮ್ಮೆಲೇ ಬಾಯಿಗೆ ಹಾಕಿಕೊಂಡು ಕಚ್ಚಿದ. ಕಚ್ಚಿದ ಬಾಯಿ ತೆರೆಯಲಿಲ್ಲ. ಕಣ್ಣು ಅರಳಿಸಿ "ಮ್ಮ್! ಮ್ಮ್!" ಎಂದು ಎದೆ ಬಡಿದುಕೊಂಡ. ದವಡೆ ಸೆಟೆದಿದೆ, ಧನುರ್ವಾಯುವೇ ಇರಬೇಕು ಎಂದು ಮನೆಮಂದಿಯೆಲ್ಲ ಹೌಹಾರಿದ್ದರು, ತಮ್ಮ ಅವನನ್ನು ತನ್ನ ಗಾಡಿಯಲ್ಲಿ ಹಾಕಿಕೊಂಡು ಗೋಕಾಕಕ್ಕೆ ಓಡಿದ್ದ. ಅಲ್ಲಿಯ ಹಲ್ಲಿನ ಡಾಕ್ಟರ್ ಬಾಯಿಯ ಅಂಚಿನಿಂದ ಬಿಸಿನೀರು ಬಿಟ್ಟು, ಕರದಂಟು ಕರಗುವವರೆಗೆ ಕಾದು, ಫೀ ಕೂಡ ತೆಗೆದುಕೊಳ್ಳದೆ ಕಳಿಸಿದ್ದರು. ಆ ಡಾಕ್ಟರ ನಂಬರು ತಮ್ಮನ ಮೊಬೈಲಿನಲ್ಲಿ ಉಳಿದದ್ದು ಹಾಗೆ.

ಹಿತ್ತಲಿಂದ ಬಂದ ತಮ್ಮನಿಗೆ ನನ್ನ ಬಾಯಿ ನೋಡಿದ್ದೇ ಆ ಡಾಕ್ಟರಮ್ಮನ ನೆನಪಾಯಿತು. ಫೋನ್ ಹಚ್ಚಿ ಸ್ಪೀಕರ್ ಹಾಕಿದ.

"ಮೇಲವಂಕಿಯವ್ರಾ?" ಎಂದಿತು ಡಾಕ್ಟರ್ ದನಿ. "ಮತ್ತ ಕರದಂಟೇನ್ರಿ?"

"ಅಲ್ರಿ ಮೇಡಂ. ನಮ್ಮ ಅಕ್ಕನ ಮುಂದಿನ ಹಲ್ಲ ಬಿತ್ರಿ. ಕರ ಗುದ್ದೇತ್ರಿ."

ಆ ದನಿಯಿಂದ ನಗು ಮಾಯವಾಯಿತು. "ಪೂರ್ತಿ ಬಿತ್ತೋ, ಮುರೀತೋ? ಬೇರ ಕಾಣತೈತಿ? ಪೂರ್ತಿ ಬಿದ್ದಿದ್ರ ಒಂದು ನಿಮಿಷನೂ ತಡ ಮಾಡಬ್ಯಾಡ್ರಿ. ಹಲ್ಲಿನ ತಲಿ ಅಷ್ಟ ಹಿಡೀರಿ, ಬೇರ ಮುಟ್ಟಬ್ಯಾಡ್ರಿ, ತಿಕ್ಕಬ್ಯಾಡ್ರಿ. ಹೊಲಸಾಗಿದ್ರ ಹಾಲಾಗ ಒಮ್ಮಿ ಅಲಗಾಡಿಸ್ರಿ ಸಾಕು. ಬೇರೆ ಹಾಲಾಗ ಹಾಕ್ಕೊಂಡು ಈಗಿಂದೀಗ ಬರ್ರಿ. ಬಾಯಾಗ ಸ್ವಚ್ಛ ಅರಬಿ ಕಚ್ಚಿ ಹಿಡಿಯಾಕ ಹೇಳ್ರಿ. ಹೊರಗ ಒಣಗಿದಷ್ಟೂ ಹಲ್ಲ ಉಳಿಯೂದು ಕಷ್ಟ. ಹಲ್ಲ ಎಲ್ಲೈತಿ ಈಗ?"

ತಮ್ಮ ಅವ್ವನ ಮುಖ ನೋಡಿದ. ಅವ್ವ ಮಾಳಿಗೆ ನೋಡಿದಳು.

"ಮ್ಯಾಲೈತ್ರಿ," ಎಂದ ತಮ್ಮ.

"ಮ್ಯಾಲೆ ಅಂದ್ರ?"

"ಮಾಳಗಿ ಮ್ಯಾಲ್ರಿ."

ಅಷ್ಟರಲ್ಲಿ ಅವ್ವ ಮುಂದೆ ಬಾಗಿ, ತಪ್ಪು ಸರಿಪಡಿಸುವ ಆತುರದಲ್ಲಿ, ಫೋನಿಗೆ ಕೂಗಿದಳು. "ಡಾಕ್ಟರವ್ವಾರ, ಆಕಳ ಹಾಲೋ ಎಮ್ಮಿ ಹಾಲೋ?"

"ಯಾವುದಾದ್ರೂ ನಡೀತೈತ್ರಿ."

"ಬಿಸಿ ಮಾಡ್ಲ್ಯಾ?"

"ಬ್ಯಾಡ್ರಿ! ತಣ್ಣಂದು."

"ಸಕ್ರಿ?"

"ಅವ್ವಾರ, ಹಲ್ಲಿಗೆ ಕುಡಿಸಾಕಲ್ರಿ. ಮದ್ಲ ಹಲ್ಲ ಹುಡಕ್ರಿ!"

ಮಾಳಿಗೆಗೆ ಹೋಗುವ ಮೆಟ್ಟಿಲನ್ನು ನಾವು ಮೂವರೂ ಒಬ್ಬರ ಮೇಲೊಬ್ಬರು ಬಿದ್ದು ಹತ್ತಿದೆವು. ಹತ್ತಿ ನೋಡಿದರೆ ಇಡೀ ಮಾಳಿಗೆಯ ತುಂಬ ಗೋವಿನಜೋಳ ಹರಡಿತ್ತು. ಒಣಗಲೆಂದು ತಮ್ಮ ಮುಂಜಾನೆ ತಾನೇ ಹರವಿದ್ದ. ಬಿಸಿಲಿನಲ್ಲಿ ಅಷ್ಟೂ ಕಾಳು ನನ್ನ ಕಡೆ ನೋಡಿ ಹಲ್ಲು ಕಿರಿಯುತ್ತಿದ್ದವು. ಈ ರಾಶಿಯಲ್ಲಿ ನನ್ನದೊಂದು.

ತಮ್ಮ ಮಂಡಿಯೂರಿ ಕಾಳು ಸರಿಸತೊಡಗಿದ. ಅವ್ವ ಅಕ್ಕಿ ಆರಿಸುವ ಹಾಗೆ ಬೊಗಸೆ ಬೊಗಸೆ ಎತ್ತಿ ಊದಿ ನೋಡಿದಳು. ಹೆದರಿಸಿದರೂ ಹೋಗದ ಪಾರಿವಾಳಗಳು ಆ ತುದಿಯಲ್ಲಿ ಕಾಳು ಹೆಕ್ಕುತ್ತಿದ್ದವು. ಅವುಗಳಲ್ಲೊಂದು ನನ್ನ ಹಲ್ಲನ್ನು ನುಂಗಿಬಿಟ್ಟರೆ ಎಂದು ಯೋಚಿಸಿ, ಬಾಯಲ್ಲಿ ಅರಿವೆ ಕಚ್ಚಿಕೊಂಡೇ ನಾನು ಅವುಗಳ ಹಿಂದೆ ಓಡಿದೆ. ಅಷ್ಟರಲ್ಲಿ ಕಾಕಾನೂ ಹತ್ತಿ ಬಂದ. ಚಹಾ ಆಗುವ ಲಕ್ಷಣ ಕಾಣದೆ ಬಂದನೋ, ಕನಿಕರದಿಂದ ಬಂದನೋ ತಿಳಿಯದು. ಬಂದವನು ಒಂದೇ ನೋಟಕ್ಕೆ ಬಗ್ಗಿ ಒಂದನ್ನು ಎತ್ತಿ ಹಿಡಿದ.

"ಸಿಕ್ತು! ಇದ ನೋಡು."

ಅದು ಗೋವಿನಜೋಳ. ನಾನು ತಲೆ ಅಲ್ಲಾಡಿಸಿದೆ.

"ಸರಿಯಾಗಿ ನೋಡು. ನಿಂದು ಮದ್ಲಿಂದ ಜರಾ ಹಳದೀನ ಐತಿ," ಎಂದ ಕಾಕಾ.

ಬಾಯಿ ಸರಿಯಿದ್ದರೆ ಅವನಿಗೆ ತಕ್ಕ ಉತ್ತರ ಕೊಡುತ್ತಿದ್ದೆ. ಅವನು ಮತ್ತೆ ಒಂದಾದ ಮೇಲೊಂದರಂತೆ ಕಾಳು ಹೆಕ್ಕಿ ತಂದು ನನ್ನ ಮುಖದ ಬಾಜೂ ಹಿಡಿದು ಬಣ್ಣ ಹೊಂದಿಸಿ ನೋಡಿದ, ಬಟ್ಟೆ ಅಂಗಡಿಯಲ್ಲಿ ಸೀರೆಗೆ ಜಂಪರಿನ ಪೀಸು ಹೊಂದಿಸುವ ಹಾಗೆ. ನನಗೆ ಅಳು ಬಂತು. ನೋವಿಗಲ್ಲ. ಇಷ್ಟು ವರ್ಷ ನನ್ನ ಬಾಯಲ್ಲಿದ್ದ ವಸ್ತುವನ್ನು ನಾನೇ ಗುರುತು ಹಿಡಿಯಲಾರೆನೇ ಎಂಬ ಸಂಕಟಕ್ಕೆ.

ಕೊನೆಗೆ ತಮ್ಮನಿಗೆ ನೀರಿನ ಟಾಕಿಯ ಬುಡದಲ್ಲಿ ಅದು ಕಂಡಿತು. ಅವ್ವನ ಬೀಸು ನಮ್ಮ ಅಂದಾಜಿಗಿಂತ ಜೋರಾಗಿತ್ತು. ಹಲ್ಲು ಕಾಳಿನ ರಾಶಿ ದಾಟಿ, ಟಾಕಿಯಿಂದ ಜಿನುಗುವ ನೀರಿನ ಪಸೆಯಲ್ಲಿ, ನೆರಳಿನಲ್ಲಿ ಬಿದ್ದಿತ್ತು. ಅವನು ಡಾಕ್ಟರ್ ಹೇಳಿಕೊಟ್ಟಂತೆ ಹಲ್ಲಿನ ತಲೆ ಹಿಡಿದು ಎತ್ತಿದ. ಅವ್ವ ಎರಡು ಬಟ್ಟಲು ಹಾಲು ತಂದಳು. ಒಂದರಲ್ಲಿ ಅಲುಗಿಸಿ, ಇನ್ನೊಂದರಲ್ಲಿ ಬಿಟ್ಟು, ಅದನ್ನು ಮುಚ್ಚಳದ ಸ್ಟೀಲ್ ಡಬ್ಬಿಗೆ ಸುರಿದು ಎಲ್ಲರೂ ಕೆಳಗೆ ಬಂದ ಮೇಲೆ ಕಟ್ಟೆಯ ಮೇಲಿಟ್ಟು, ತಮ್ಮ ಗಾಡಿಯ ಚಾವಿ ತರಲು ಒಳಗೆ ಹೋದ.

ಅದೇ ಹೊತ್ತಿಗೆ ಆಯಿ ಕ್ಯಾಲೆಂಡರ್ ಹಿಡಿದು ಬಂದಳು. "ಡಬ್ಬ್ಯಾಗ ಏನೈತಿ?" ಎಂದು ನನ್ನನ್ನೇ ಕೇಳಿದಳು.

"ಹಾಲಿ. ಹಾಲಿನಾಗ ಹಲ್ಲಿ," ಎಂದೆ.

ಆಯಿಯ ಮುಖ ಬಿಳಿಚಿತು. "ಹಾಲಾಗ ಹಲ್ಲಿ? ಅಯ್ಯ ಶಿವನ! ಇಷ ಅದು! ಯಾರರ ಕುಡದಾರೇನ?" ಎಂದವಳೇ ಡಬ್ಬಿ ಎತ್ತಿಕೊಂಡು ಗಟಾರದ ಕಡೆ ನಡೆದಳು. ನಾನು ಕೂಗಿದೆ. ಕೂಗಿದ್ದು ಮತ್ತೆ "ಹಲ್ಲಿ, ಹಲ್ಲಿ" ಎಂದೇ. ಕೂಗಿದಷ್ಟೂ ಆಯಿಯ ನಡಿಗೆ ಜೋರಾಯಿತು. ಅವಳು ಮುಚ್ಚಳ ತೆಗೆದು ಡಬ್ಬಿ ಬಗ್ಗಿಸುವಷ್ಟರಲ್ಲಿ ಕಾಕಾ ಕಟ್ಟೆಯಿಂದ ಜಿಗಿದು ಅವಳ ಕೈ ಹಿಡಿದ. ಕಾಕಾ ಜಿಗಿದದ್ದನ್ನು ನಾನು ಜೀವಮಾನದಲ್ಲಿ ಕಂಡದ್ದು ಅದೊಂದೇ ಸಲ. ಸ್ವಲ್ಪ ಹಾಲು ಚೆಲ್ಲಿತು, ಹಲ್ಲು ತಳದಲ್ಲೇ ಉಳಿಯಿತು.

"ಹಲ್ಲ, ಆಯಿ, ಹಲ್ಲ! ಬಾಯಾಗಿಂದು!" ಎಂದು ಕಾಕಾ ತನ್ನ ಹಲ್ಲನ್ನೇ ಬಡಿದು ತೋರಿಸಿದ.

"ಹಂಗಂದ್ರ ಕ್ಯಾಲೆಂಡರ್‌ನ್ಯಾಗ ಅದು ಇಲ್ಲ ತಗೊ," ಎಂದು ಆಯಿ ಬೇಸರದಿಂದ ಹೊರಟುಹೋದಳು.

ತಮ್ಮನದು ಹಿಂದೆ ಸಾಮಾನು ಹೇರುವ ಸಣ್ಣ ಗೂಡ್ಸ್ ಗಾಡಿ. ಮುಂದೆ ಅವನು, ನಾನು, ಮಡಿಲಲ್ಲಿ ಡಬ್ಬಿ ಹಿಡಿದ ಅವ್ವ. ಹಿಂದೆ ಖಾಲಿ ಚೀಲಗಳ ಮೇಲೆ ಕಾಕಾ. ಹೊರಟ ಕೂಡಲೇ ಅವನು ಹಿಂದಿನ ಕಿಂಡಿಯಿಂದ ಕೂಗತೊಡಗಿದ. "ಮೂಡಲಗಿಗೆ ನಡಿ! ನಮ್ಮೂರ ಈಗ ತಾಲೂಕು ಐತಿ, ಗೋಕಾಕದಾಗ ಇದ್ದದ್ದೆಲ್ಲಾ ಅಲ್ಲೂ ಐತಿ!" ಮೂಡಲಗಿ ತಾಲೂಕು ಆದಾಗಿನಿಂದ ಅವನಿಗೆ ಗೋಕಾಕಕ್ಕೆ ಹೋಗುವುದೆಂದರೆ ಸೋತ ಹಾಗೆ. ತಮ್ಮ ಕಿಂಡಿ ಮುಚ್ಚಿದ.

ಕಬ್ಬಿನ ಹಂಗಾಮು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರೊಂದು ರಸ್ತೆ ತುಂಬಿ ಆನೆಯಂತೆ ತೂಗುತ್ತ ಹೋಗುತ್ತಿತ್ತು. ಅದರಲ್ಲಿ ಹಚ್ಚಿದ್ದ ಹಾಡಿನ ಅಬ್ಬರದಲ್ಲಿ ನಮ್ಮ ಹಾರ್ನ್ ಡ್ರೈವರನಿಗೆ ಕೇಳಲಿಲ್ಲ. ರಸ್ತೆ ಅಗಲವಾದಲ್ಲಿ ತಮ್ಮ ಹೇಗೋ ಬಾಜೂ ತಂದ. ಅವ್ವ ಕಿಟಕಿಯಿಂದ ಅರ್ಧ ಮೈ ಹೊರಹಾಕಿದಳು.

"ದಾರಿ ಬಿಡಪಾ! ಹಲ್ಲ ಐತಿ ನಮ್ಮ ಹಂತ್ಯಾಕ!"

ಡ್ರೈವರ್ ಹಾಡು ಸಣ್ಣದು ಮಾಡಿದ. "ನಮಗೂ ಅದಾವ ಬೇ!" ಎಂದು ಮೂವತ್ತೆರಡೂ ತೋರಿಸಿದ.

"ಡಬ್ಬ್ಯಾಗ ಐತೋ! ಹಾಲಾಗ! ಲಗೂನ ಡಾಕ್ಟರಿಗೆ ಮುಟ್ಟಬೇಕು!"

ಅವನಿಗೆ ಏನು ಅರ್ಥವಾಯಿತೋ. ಪ್ರಸಾದದ ಹಾಲು ಎಂದುಕೊಂಡಿರಬೇಕು. ಕೈ ಹಣೆಗೆ ಮುಟ್ಟಿಸಿ ಟ್ರ್ಯಾಕ್ಟರನ್ನು ಬದಿಗೆ ಒತ್ತಿದ.

ಗೋಕಾಕ ಮುಟ್ಟಿದಾಗ ಡಾಕ್ಟರ್ ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ಕುರ್ಚಿಯಲ್ಲಿ ಒರಗಿಸಿ, ಮರಗಟ್ಟಿಸುವ ಸೂಜಿ ಕೊಟ್ಟು, ಡಬ್ಬಿಯಿಂದ ಹಲ್ಲು ತೆಗೆದು ಏನೋ ದ್ರವದಲ್ಲಿ ತೊಳೆದರು. ಬಾಗಿಲಲ್ಲಿ ನಿಂತ ಅವ್ವನಿಗೆ ತಡೆಯಲಾಗಲಿಲ್ಲ.

"ಹಿಂದ ಮುಂದ ನೋಡಿ ಹಚ್ರಿ, ಡಾಕ್ಟರವ್ವಾರ. ಉಲ್ಟಾ ಆಗಬಾರದು."

"ನೋಡತೇನ್ರಿ," ಎಂದರು ಡಾಕ್ಟರ್, ನಗದೆ. ಹೆಬ್ಬೆರಳಿಂದ ಒತ್ತಿದರು. ಹಲ್ಲು ತನ್ನ ಗೂಡಿಗೆ ಇಳಿದದ್ದು ಮರಗಟ್ಟಿದ ವಸಡಿಗೂ ತಿಳಿಯಿತು. ಬಾಜೂ ಹಲ್ಲುಗಳಿಗೆ ಸೇರಿಸಿ ಕೂದಲಿಗಿಂತ ಸ್ವಲ್ಪ ದಪ್ಪದ ತಂತಿ ಅಂಟಿಸಿದರು. ಕೊಟ್ಟಿಗೆಯ ನೆಲ ಮುಟ್ಟಿದ್ದಕ್ಕೆ ಧನುರ್ವಾಯುವಿನ ಸೂಜಿಯನ್ನೂ ಹಾಕಿಸಿದರು. ಕಾಕಾ ಆ ಶಬ್ದ ಕೇಳಿ ಹೊರಗೆ ಹೋಗಿ ನಿಂತ.

"ಈಗ ಕೂತೈತಿ, ಉಳೀತೈತಿ ಅಂತ ಈಗ ಹೇಳಾಕ ಆಗೂದಿಲ್ರಿ ಟೀಚರ್," ಎಂದರು ಡಾಕ್ಟರ್. "ನೆರಳಾಗ, ಹಸೀ ಜಾಗಾದಾಗ ಬಿದ್ದಿದ್ದು ನಿಮ್ಮ ಪುಣ್ಯ. ಒಂದು ವಾರ ಬಿಟ್ಟು ಬರ್ರಿ, ಒಳಗಿನ ನರ ತೆಗದು ರೂಟ್ ಕೆನಾಲ್ ಮಾಡೂನು. ಅದರ ಮುಂದಿನ ವಾರ ತಂತಿ ತೆಗೀತೇನಿ. ಅಲ್ಲೀ ಮಟಾ ಮುಂದಿನ ಹಲ್ಲಿಂದ ಏನೂ ಕಚ್ಚಬ್ಯಾಡ್ರಿ."

ಅವ್ವ ಮೆಲ್ಲಗೆ ಕೇಳಿದಳು. "ಹಂಗಾದ್ರ ಈಕಿ ಸಣ್ಣಾಕಿದ್ದಾಗ ನಾ ಒಗದದ್ದೆಲ್ಲಾ ತಪ್ಪಾತೇನ್ರಿ?"

"ಇಲ್ರೀ ಅವ್ವಾರ. ಹಾಲಹಲ್ಲ ತಿರಗಿ ಹಚ್ಚೂದಿಲ್ಲ. ಅವನ್ನ ಒಗದಿದ್ದು ಬರೋಬರಿ ಐತಿ."

ಅವ್ವ ದೊಡ್ಡ ಉಸಿರು ಬಿಟ್ಟಳು.

ಆಮೇಲಿನ ದಿನಗಳು ಗಂಜಿ, ಮೆತ್ತಗೆ ಬೆಂದ ಅನ್ನ, ಹಾಲಿನಲ್ಲಿ ನೆನೆಸಿದ ರೊಟ್ಟಿಯಲ್ಲಿ ಕಳೆದವು. ಹುಕ್ಕೇರಿಯ ತರಗತಿಯಲ್ಲಿ ನಾನು ಬಾಯಿಗೆ ಕರವಸ್ತ್ರ ಹಿಡಿದು ನಡೆದದ್ದನ್ನು ಚುಟುಕಾಗಿ ಹೇಳಿದೆ. ಹಲ್ಲು ಬಿದ್ದರೆ ಎಸೆಯಬೇಡಿ, ಹಾಲಲ್ಲಿ ಹಾಕಿ ಓಡಿ ಎಂದು ಒತ್ತಿ ಹೇಳಿದೆ. ಪ್ರಶ್ನೆಗಳಿವೆಯೇ ಎಂದು ಕೇಳಿದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರ್, ಕರಕ್ಕ ಪೆಟ್ಟಾತೇನ್ರಿ?"

ಇಡೀ ತರಗತಿ ಕಾತರದಿಂದ ನನ್ನ ಉತ್ತರಕ್ಕೆ ಕಾಯಿತು.

ಈ ನಡುವೆ ರೂಟ್ ಕೆನಾಲ್ ಮುಗಿಯಿತು. ತಂತಿ ತೆಗೆಸಲು ಹೋದ ದಿನ ಅವ್ವನೂ ಬಂದಳು. ಹೊರಗಿನ ಬೆಂಚಿನಲ್ಲಿ ಮೂರು ಮಂದಿ ಕಾಯುತ್ತಿದ್ದರು. ಅವ್ವ ಒಬ್ಬೊಬ್ಬರನ್ನೇ ವಿಚಾರಿಸತೊಡಗಿದಳು. ಹಲ್ಲು ಬೆಳ್ಳಗೆ ಮಾಡಿಸಲು ಬಂದ ತರುಣನಿಗೆ "ನಿಂದೇನೂ ಅವಸರ ಇಲ್ಲ, ಕುಂದ್ರು" ಎಂದಳು. ತಣ್ಣೀರಿಗೆ ಹಲ್ಲು ಜುಮ್ಮೆನ್ನುವ ಹೆಂಗಸಿಗೂ ಅದೇ ತೀರ್ಪು. ನನಗೆ ನೆಲದೊಳಗೆ ಹೋಗುವಷ್ಟು ನಾಚಿಕೆ.

ಮೂರನೆಯವನು ದಡ್ಡಿ ಎಂಬ ಊರಿಂದ ಬಂದಿದ್ದ ನಡುವಯಸ್ಸಿನ ರೈತ. ಒಂದು ಗಲ್ಲ ಊದಿ, ಬಾವು ಕೆಳಗೆ ಕೊರಳವರೆಗೆ ಇಳಿದಿತ್ತು. ಹೆಗಲ ಮೇಲಿನ ಟವೆಲ್ಲಿನಿಂದ ಪದೇ ಪದೇ ಬಾಯಿ ಒರೆಸಿಕೊಳ್ಳುತ್ತಿದ್ದ.

"ನಿನ್ನಿಂದ ನೋವು ಕಮ್ಮಿ ಆಗೇತ್ರಿ," ಎಂದ, ಬಾಯಿ ಪೂರ್ತಿ ತೆರೆಯದೆ. "ಸಾವಕಾಶ ತೋರಿಸಿದ್ರ ನಡೀತೈತಿ. ಅವರು ಮದ್ಲ ಹೋಗಲಿ."

ಅವ್ವ ತನ್ನ ನೀರಿನ ಬಾಟಲಿ ಚಾಚಿದಳು. ಅವನು ಬೇಡವೆಂದು ಕೈ ಮಾಡಿದ. "ನುಂಗಾಕ ಬರವಲ್ದರಿ. ಉಗುಳೂ ಇಳೀವಲ್ದು." ಅವ್ವ ಅವನ ಹಣೆ ಮುಟ್ಟಿದಳು. ಆಮೇಲೆ ನನ್ನ ಕಡೆಗೂ ನೋಡಲಿಲ್ಲ, ರಿಸೆಪ್ಶನ್ನಿನ ಹುಡುಗಿಯ ಮಾತಿಗೂ ನಿಲ್ಲಲಿಲ್ಲ. ಸೀದಾ ಒಳಗೆ ಹೋಗಿ, ಯಾರದೋ ಬಾಯಲ್ಲಿ ಕೈ ಇಟ್ಟಿದ್ದ ಡಾಕ್ಟರಿಗೆ "ಹೊರಗೊಬ್ಬಾವ ಉಗುಳ ನುಂಗವಲ್ಲ, ಮೈ ಸುಡಾಕತ್ತೇತಿ, ಬಾಯಿ ತೆರಿಯಾಕ ಆಗವಲ್ದು, ಬರ್ರಿ" ಎಂದಳು.

ಡಾಕ್ಟರ್ ತಕ್ಷಣ ಬಂದರು. ಅವನ ದವಡೆಯ ಕೆಳಗೆ ಬೆರಳಿಟ್ಟು ನೋಡಿದ್ದೇ ಅವರ ಮುಖ ಬದಲಾಯಿತು. ಹಲ್ಲಿನ ಕೀವು ಕೊರಳಿಗೆ ಇಳಿಯುತ್ತಿದೆ, ಇನ್ನೂ ಇಳಿದರೆ ಉಸಿರಿಗೇ ತೊಂದರೆ, ಇದು ಇಲ್ಲಿ ಆಗುವ ಕೆಲಸವಲ್ಲ ಎಂದು ಹೇಳಿ, ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ತಾವೇ ಫೋನ್ ಮಾಡಿ ಆಂಬ್ಯುಲೆನ್ಸಿನಲ್ಲಿ ಕಳಿಸಿದರು. ಹತ್ತುವಾಗಲೂ ಅವನು "ನೋವು ಕಮ್ಮಿ ಐತಲ್ರೀ" ಎನ್ನುತ್ತಲೇ ಇದ್ದ. ಕೀವು ತೆಗೆದರು, ಕೆಲವು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು ಎಂದು ಆಮೇಲೆ ಡಾಕ್ಟರ್ ಫೋನಿನಲ್ಲಿ ತಮ್ಮನಿಗೆ ಹೇಳಿದರು.

ಅವತ್ತು ನನ್ನ ತಂತಿ ಬಿಚ್ಚಿದಾಗ ಹಲ್ಲು ಅಲುಗಲಿಲ್ಲ. ಪಕ್ಕದ ಹಲ್ಲಿಗಿಂತ ಒಂದು ನೂಲಿನಷ್ಟು ಮುಂದಿದೆ, ಅಷ್ಟೆ. ಕನ್ನಡಿಯಲ್ಲಿ ನೋಡಿ "ಉ, ಊ" ಎಂದು ಮೆಲ್ಲಗೆ ಹೇಳಿಕೊಂಡೆ. ಡಾಕ್ಟರ್ ಅವ್ವನ ಬೆನ್ನು ತಟ್ಟಿದರು.

"ಅವ್ವಾರ, ಎಲ್ಲಾರ ಹಲ್ಲ ನೋಡಿದ್ರಿ. ನಿಮ್ಮವು ಯಾವಾಗರ ತೋರ್ಸೀರಿ? ಕುಂದರ್ರಿ, ಬಾಯಿ ತಗೀರಿ."

ಅವ್ವ ಒಲ್ಲದ ಮನಸ್ಸಿನಿಂದ ಕುರ್ಚಿಯ ತುದಿಯಲ್ಲಿ ಕೂತು ಬಾಯಿ ತೆರೆದಳು. ಡಾಕ್ಟರ್ ಸಣ್ಣ ಕನ್ನಡಿ ಹಿಡಿದು ಈ ಕಡೆ ಆ ಕಡೆ ನೋಡಿದರು. ಎರಡು ಹುಳುಕು, ಒಂದು ತೆಗೆಯುವಂಥದ್ದು ಎಂದರು.

"ಅವಸರದ್ದೇನ್ರಿ?" ಎಂದಳು ಅವ್ವ.

"ಅವಸರದ್ದಲ್ಲ. ಆದ್ರ ಮುಂದಿನ ವಾರ ಬರ್ರಿ."

"ನೋಡೂಣಂತ," ಎಂದು ಅವ್ವ ಕುರ್ಚಿಯಿಂದ ಇಳಿದು, ಚಪ್ಪಲಿಯನ್ನು ಸರಿಯಾಗಿ ಮೆಟ್ಟುವ ಮೊದಲೇ ಬೀದಿಯಲ್ಲಿದ್ದಳು. ಬಸ್ಸು ಗೋಕಾಕ ದಾಟುವವರೆಗೂ, ನಾನು ಏನು ಕೇಳಿದರೂ, ಬಾಯಿ ಬಿಡಲಿಲ್ಲ.